ನೆವಾರ್ಕಿಗೆ ಬಂದ ಅಮ್ಮಣ್ಣಿಯವರು

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಆಗ ಬರ್ಕ್ಲಿಯಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ಒಂದು ಪುಟ್ಟ ಸಂಸ್ಥೆಯಲ್ಲಿ ಟೈಪಿಸ್ಟ್ ಆಗಿದ್ದೆ. ಬಂದವರನ್ನು ಒಂದು ತಿಂಗಳು ಅಮೆರಿಕನ್ ಕುಟುಂಬಗಳ ಮನೆಯಲ್ಲಿ ಇರಿಸುತ್ತಿದ್ದರು. ಅದರ ಕಾಗದಪತ್ರವೆಲ್ಲ ನನ್ನ ಪಾಲಿಗೆ. ಆ ವರ್ಷ ಟೋಕಿಯೋದ ಒಂದು ಹೆಸರಾಂತ ಖಾಸಗಿ ವಿಶ್ವವಿದ್ಯಾಲಯದಿಂದ ಹನ್ನೆರಡು ಹುಡುಗಿಯರು ಬರುವವರಿದ್ದರು. ಹಿಂದೆ ಅದು ಅರಸು ಮನೆತನದವರ, ದೊಡ್ಡ ವಂಶದವರ ಮಕ್ಕಳಿಗೆಂದೇ ತೆರೆದ ಶಾಲೆಯಾಗಿತ್ತಂತೆ. ನಮ್ಮ ಮೇಲಧಿಕಾರಿ ಆತಿಥೇಯ ಕುಟುಂಬಗಳಿಗೆ ಬರೆಸಿದ ಪತ್ರದಲ್ಲಿ ಈ ಸಂಗತಿಯನ್ನು ಎರಡು ಸಲ ಹೇಳಿದ್ದಳು. ಎರಡು ಸಲವೂ ನಾನೇ ಟೈಪ್ ಮಾಡಿದ್ದೆ.

ಹುಡುಗಿಯರು ಬರಲು ಎರಡು ದಿನವಿದ್ದಾಗ ಒಂದು ಮನೆಯವಳು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಮೇಲಧಿಕಾರಿ ನನ್ನ ಮೇಜಿನ ಮುಂದೆ ಬಂದು ನಿಂತು, ನಿಮ್ಮ ಮನೆಯಲ್ಲಿ ಎಷ್ಟು ಕೋಣೆ ಎಂದು ಕೇಳಿದಳು. ಮೂರು ಎಂದೆ. ಯೋಚಿಸಿ ಹೇಳಬೇಕಾಗಿತ್ತು.

ನಮ್ಮ ಮನೆ ಇದ್ದದ್ದು ಬರ್ಕ್ಲಿಯಿಂದ ರೈಲಿನಲ್ಲಿ ಗಂಟೆಯ ದಾರಿಯ ನೆವಾರ್ಕಿನಲ್ಲಿ. ಮೂರನೆಯ ಕೋಣೆಯಲ್ಲಿ ಆರು ತಿಂಗಳಿಗೆಂದು ಮೈಸೂರಿನಿಂದ ಬಂದ ನಮ್ಮತ್ತೆ ಇದ್ದರು. ಕೋಣೆ ಬಿಟ್ಟುಕೊಡಿ ಎಂದು ಕೇಳುವ ಧೈರ್ಯ ಸಾಲದೆ, ಹುಡುಗಿ ಓದುತ್ತಿರುವ ವಿಶ್ವವಿದ್ಯಾಲಯದ ಹಿನ್ನೆಲೆಯಿಂದ ಮಾತು ಶುರುಮಾಡಿದೆ.

"ಅರಸು ಮನೆಯವಳೇನೇ?" ಎಂದರು ಅತ್ತೆ.

"ಸ್ಕೂಲು ಶುರುವಾದಾಗ ಅಂಥವರಿಗೇ ಇತ್ತಂತೆ ಅತ್ತೆ. ಈಗ..."

ಈಗಿನದು ಅವರ ಕಿವಿಗೆ ಬೀಳಲಿಲ್ಲ. ಅವರ ತಂದೆ ಮೈಸೂರು ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅರಮನೆಯ ಹೆಣ್ಣುಮಕ್ಕಳ ಮುಂದೆ ಹೇಗೆ ನಿಲ್ಲಬೇಕು, ಹೇಗೆ ಮಾತಾಡಬೇಕು ಎಂಬುದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಆ ತಿಳಿವಳಿಕೆ ನಲವತ್ತು ವರ್ಷದಿಂದ ಉಪಯೋಗಕ್ಕೆ ಬಂದಿರಲಿಲ್ಲ. ಅರ್ಧ ಗಂಟೆಯೊಳಗೆ ಕೋಣೆ ಖಾಲಿಯಾಯಿತು. ಅತ್ತೆಯ ಹಾಸಿಗೆ ನಮ್ಮ ಏಳು ವರ್ಷದ ಮಗಳ ಕೋಣೆಗೆ ಹೋಯಿತು.

ಬಂದವಳಿಗೆ ಹತ್ತೊಂಬತ್ತು ವರ್ಷ. ನೀಲಿ ಲಂಗ, ಬಿಳಿ ಕಾಲುಚೀಲ, ಕೈಯಲ್ಲಿ ಒಂದು ನಿಘಂಟು. ಅಮೆರಿಕನ್ ಕುಟುಂಬ ಎಂದು ಕೇಳಿ ಬಂದವಳು ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆ ಹಿಡಿದು ನಿಂತ ಅತ್ತೆಯನ್ನು ನೋಡಿ, ಏನೂ ಆಗದವಳಂತೆ ಬಾಗಿ ನಮಸ್ಕರಿಸಿದಳು. ಅತ್ತೆ ಇನ್ನೂ ಕೆಳಗೆ ಬಾಗಿದರು. ಹಿರಿಯರಿಗಿಂತ ಮೊದಲು ನೆಟ್ಟಗಾಗುವುದು ಅವಳಿಗೆ ಸಲ್ಲದು. ಅರಸು ಮನೆಯವರಿಗಿಂತ ಮೊದಲು ನೆಟ್ಟಗಾಗುವುದು ಅತ್ತೆಗೆ ಸಲ್ಲದು. ಕೊನೆಗೆ ನನ್ನ ಗಂಡ, "ಅಮ್ಮಾ, ಸೂಟ್‌ಕೇಸು ಭಾರ ಇದೆ, ದಾರಿ ಬಿಡು" ಎಂದರು.

ಅತ್ತೆ ಅವಳನ್ನು ಅಮ್ಮಣ್ಣಿಯವರೇ ಎಂದು ಕರೆದರು. ಮೈಸೂರಿನ ಅರಸು ಮನೆತನದ ಹೆಂಗಸರನ್ನು ಕರೆಯುವುದು ಹಾಗೆ. ಕನ್ನಡದಲ್ಲಿ ಅತಿಥಿಗೆ ಹಾಗೆನ್ನುತ್ತಾರೆಂದು ಅವಳು ನಿಘಂಟಿನ ಹಿಂದಿನ ಖಾಲಿ ಹಾಳೆಯಲ್ಲಿ ಬರೆದುಕೊಂಡಳು. ಬೆಳಿಗ್ಗೆ ಬೆಳ್ಳಿ ತಟ್ಟೆಯಲ್ಲಿ ಉಪ್ಪಿಟ್ಟು ಬಂತು. ಅವಳು ತಿಂದು ಮುಗಿಸುವವರೆಗೆ ಅತ್ತೆ ಕೂರುತ್ತಿರಲಿಲ್ಲ. ಆದ್ದರಿಂದ ಅವಳು ಬೇಗಬೇಗ ತಿನ್ನುತ್ತಿದ್ದಳು. ಹಸಿವು ಬಹಳ ಎಂದುಕೊಂಡು ಅತ್ತೆ ಮತ್ತೆ ಬಡಿಸುತ್ತಿದ್ದರು.

"ಶೀ ಲೈಕ್ಸ್ ಟೋಸ್ಟ್, ಅಜ್ಜಿ" ಎಂದಳು ನನ್ನ ಮಗಳು.

"ನೀನು ಸುಮ್ನಿರೆ. ಅವರು ಬಾಯಿಬಿಟ್ಟು ಕೇಳೋರಲ್ಲ."

ಮೊದಲ ಶನಿವಾರವೇ ಜನ ನೋಡಲು ಬಂದರು. ಅತ್ತೆ ಫೋನಿನಲ್ಲಿ ಯಾರ್‍ಯಾರಿಗೆ ಹೇಳಿದ್ದರೋ, ಫ್ರೀಮಾಂಟಿನಿಂದ ಎರಡು ಸಂಸಾರ, ಸ್ಯಾನ್ ಹೊಸೆಯಿಂದ ಧಾರವಾಡದ ಡಾಕ್ಟರು ಮತ್ತು ಅವರ ತಾಯಿ. ಹುಡುಗಿ ಸೋಫಾದ ತುದಿಯಲ್ಲಿ ಮೊಣಕಾಲು ಜೋಡಿಸಿ ಕೂತಿದ್ದಳು.

"ಎಷ್ಟ್ ಸಣ್ಣ ಅದಾಳವಾ! ನಮ್ಮ ದೇಸಗತಿ ಮನ್ಯಾಗಿನವರು ಹಿಂಗಿರಂಗಿಲ್ಲ" ಎಂದರು ಡಾಕ್ಟರ ತಾಯಿ.

ಡಾಕ್ಟರು ಇಂಗ್ಲಿಷಿನಲ್ಲಿ ನಿಧಾನವಾಗಿ, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಅವಳು ನಿಘಂಟು ತೆರೆದಳು, ಮುಚ್ಚಿದಳು.

"ನನ್ನ ತಂದೆ ನೀರು ಕಾಯಿಸುತ್ತಾರೆ. ಸ್ನಾನಕ್ಕೆ. ತುಂಬ ಜನಕ್ಕೆ."

ಬಂದವರೆಲ್ಲ ಡಾಕ್ಟರ ಮುಖ ನೋಡಿದರು. ಆಮೇಲೆ ಡಾಕ್ಟರು, ಧರ್ಮಕಾರ್ಯ ಇರಬೇಕು ಎಂದರು. ಎಲ್ಲರೂ ತಲೆಯಾಡಿಸಿದರು. ಬಡವರಿಗೆ ಸ್ನಾನದ ಛತ್ರ ಕಟ್ಟಿಸಿದ್ದಾರೆ ಎಂದು ಅತ್ತೆ ತೀರ್ಮಾನಿಸಿದರು.

ಸೋಮವಾರ ನಾವಿಬ್ಬರೂ ಬಾರ್ಟ್ ರೈಲಿನಲ್ಲಿ ಬರ್ಕ್ಲಿಗೆ ಹೋಗುತ್ತಿದ್ದಾಗ ಅವಳು ಕೇಳಿದಳು, "ಅಮ್ಮಣ್ಣಿ ಎಂದರೆ ಅತಿಥಿ ತಾನೆ?" ಅಲ್ಲ ಎಂದೆ. ಅರ್ಥ ಹೇಳಿದೆ. ಅವಳ ಮುಖ ಕೆಂಪಾಯಿತು. ಆಮೇಲಿನ ನಾಲ್ಕು ಸ್ಟೇಷನ್ನುಗಳವರೆಗೆ ಅವಳು ಒಂದೊಂದೇ ಪದ ಹುಡುಕಿ ಹೇಳಿದ್ದಿಷ್ಟು. ಯುದ್ಧ ಮುಗಿದ ಮೇಲೆ ಅವರ ದೇಶದಲ್ಲಿ ದೊಡ್ಡ ವಂಶದವರ ಬಿರುದುಗಳೆಲ್ಲ ರದ್ದಾದವು. ಪರೀಕ್ಷೆ ಪಾಸು ಮಾಡಿದವರು ಯಾರು ಬೇಕಾದರೂ ಆ ವಿಶ್ವವಿದ್ಯಾಲಯ ಸೇರಬಹುದು. ಅವಳ ತಂದೆಯದು ಟೋಕಿಯೋದ ಕೆಲಸಗಾರರ ಕೇರಿಯಲ್ಲಿ ಒಂದು ಸಾರ್ವಜನಿಕ ಸ್ನಾನದ ಮನೆ, ತಾತನ ಕಾಲದ್ದು. ತರಗತಿಯಲ್ಲಿ ಹಳೆಯ ವಂಶದ ಹುಡುಗಿಯರು ಕೆಲವರಿದ್ದಾರೆ. ಅವರು ಕೇಳಿದಾಗ ಅವಳು, ತಂದೆ ಕಟ್ಟಡ ನೋಡಿಕೊಳ್ಳುತ್ತಾರೆ ಎಂದಿದ್ದಳು. ಎರಡು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದಳು.

"ಅಜ್ಜಿಗೆ ಹೇಳಬೇಕು" ಎಂದಳು.

ಬೇಡ, ಇನ್ನು ಮೂರೇ ವಾರ ಎಂದೆ ನಾನು. ಅತ್ತೆಯ ಜೊತೆ ಆಮೇಲೂ ಇರಬೇಕಾದವಳು ನಾನು ತಾನೆ.

ಅವಳು ನನ್ನ ಮಾತು ಕೇಳಲಿಲ್ಲ. ಮಗಳ ಹತ್ತಿರ ಕೂತು ಎರಡು ದಿನ ಕನ್ನಡ ಬಾಯಿಪಾಠ ಮಾಡಿದಳು. ಬುಧವಾರ ಸಂಜೆ ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದಾಗ ಅವರೆದುರು ನೆಲದ ಮೇಲೆ ಮಂಡಿಯೂರಿ ಕೂತು ಹೇಳಿದಳು:

"ಅಜ್ಜಿ, ನಾನು ಅಮ್ಮಣ್ಣಿ ಅಲ್ಲ. ನಮ್ಮಪ್ಪನ್ದು ಸ್ನಾನದ ಅಂಗಡಿ. ತಪ್ಪಾಯ್ತು."

ಅತ್ತೆ ಕೈಯಲ್ಲಿದ್ದ ಹುರುಳಿಕಾಯಿಯನ್ನು ಮುರಿದು ಪಾತ್ರೆಗೆ ಹಾಕಿದರು. ಇನ್ನೊಂದನ್ನು ತೆಗೆದುಕೊಂಡರು. ನಾನು ಒಲೆಯ ಕಡೆ ತಿರುಗಿ, ಕುದಿಯದೇ ಇದ್ದ ಸಾರನ್ನು ಕದಡಿದೆ.

"ಸೌದೆನೋ, ಗ್ಯಾಸೋ?" ಎಂದರು ಅತ್ತೆ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸೌದೆ, ಎಂದಳು ಹುಡುಗಿ. ಕೆಡವಿದ ಹಳೆಮನೆಗಳ ಮರ ತರುತ್ತಾರೆ, ತಂದೆ ಮಧ್ಯಾಹ್ನದಿಂದ ಉರಿ ಹಾಕುತ್ತಾರೆ.

"ಹಂಡೆ ಎಷ್ಟು ದೊಡ್ಡದು? ಹೊಗೆ ಎಲ್ಲಿಂದ ಹೋಗತ್ತೆ? ಕೇಳೇ."

ಸಾರು ತಣ್ಣಗಾಗುವವರೆಗೆ ಈ ಮಾತೇ ನಡೆಯಿತು. ಉಷ್ಣ ಹೆಚ್ಚಾದರೆ ತಣ್ಣೀರು ಯಾರು ಬೆರೆಸುತ್ತಾರೆ ಎಂದು ಕೇಳಿದರು. ಹೆಂಗಸರ ಕಡೆ ಬೇರೆ ಬಾಗಿಲು ಎಂದು ತಿಳಿದು ಸಮಾಧಾನಪಟ್ಟರು. ಆಮೇಲೆ ನನಗೆ, "ಪಾಪ, ಆ ಉಪ್ಪಿಟ್ಟು ಅವಳಿಗೆ ಸೇರ್‍ತಿರ್ಲಿಲ್ವೇನೋ. ನಾಳೆ ಟೋಸ್ಟ್ ಮಾಡು" ಎಂದರು.

ಶನಿವಾರ ಅವಳಿಗೆ ಎಣ್ಣೆನೀರು ಹಾಕುತ್ತೇನೆಂದು ಹೊರಟರು. ಹರಳೆಣ್ಣೆ ಹಚ್ಚಿ, ಗಂಟೆ ಹೊತ್ತು ಕೂರಿಸಿ, ಮೈಸೂರಿನಿಂದ ತಂದ ಸೀಗೇಪುಡಿ ಹಾಕಿ ತಲೆ ಉಜ್ಜಿದರು. ಕಣ್ಣಿಗೆ ಹೋದಾಗ ಅವಳು ಜಪಾನಿ ಭಾಷೆಯಲ್ಲಿ ಕೂಗಿದಳು. ಅತ್ತೆ ಕನ್ನಡದಲ್ಲಿ ಗದರಿದರು. ಇಬ್ಬರಿಗೂ ಅರ್ಥವಾದಂತಿತ್ತು. ಆಮೇಲೆ ಅವಳು ಬಚ್ಚಲ ಬಾಗಿಲು ತೆರೆದು, ಅಜ್ಜಿಯ ಬೆನ್ನು ತಾನು ಉಜ್ಜಬಹುದೇ ಎಂದು ನನ್ನನ್ನು ಕೇಳಿದಳು. ಅವರ ಕಡೆ ಮೊಮ್ಮಕ್ಕಳು ಉಜ್ಜುತ್ತಾರಂತೆ. ಮದುವೆಯಾಗಿ ಹತ್ತು ವರ್ಷವಾದರೂ ಅತ್ತೆ ನನಗೆ ಅಷ್ಟು ಸಲಿಗೆ ಕೊಟ್ಟಿರಲಿಲ್ಲ. ಬೇಡವೆನ್ನುತ್ತಾರೆಂದುಕೊಂಡೇ ಕೇಳಿದೆ.

"ಉಜ್ಜಲಿ ಬಿಡು. ಕಸುಬು ಗೊತ್ತಿರೋಳು" ಎಂದರು.

ಹೊರಗೆ ಬಂದಾಗ ಅತ್ತೆಯ ಮುಖ ಮೆತ್ತಗಾಗಿತ್ತು. ಮೂವತ್ತು ವರ್ಷದ ಕೆಳಗೆ ತೀರಿಕೊಂಡ ತಮ್ಮ ಅಕ್ಕ ಹೀಗೆಯೇ ಉಜ್ಜುತ್ತಿದ್ದಳು ಎಂದರು. ಆ ಅಕ್ಕನ ವಿಷಯ ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಹುಡುಗಿಯ ಕೂದಲು ಒಣಗುವವರೆಗೆ ಕೂತು ಕೇಳಿದೆ. ಬಿಸಿನೀರು ಮುಗಿದುಹೋಗಿ ನನ್ನ ಗಂಡ ಅಂದು ತಣ್ಣೀರಲ್ಲಿ ಮಿಂದರು.

ಬೀಳ್ಕೊಡುಗೆಯ ದಿನ ಹನ್ನೆರಡು ಹುಡುಗಿಯರೂ ತಾವಿದ್ದ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಮಾತಾಡಬೇಕಿತ್ತು. ಹನ್ನೊಂದು ಜನ ನಾಯಿ, ಈಜುಕೊಳ, ಬಾರ್ಬೆಕ್ಯೂ ಎಂದರು. ನಮ್ಮ ಹುಡುಗಿ ಕೊನೆಯವಳು. ಕಾಗದ ಮಡಿಸಿಟ್ಟು, "ನನ್ನ ತಂದೆಗೆ ಒಂದು ಸ್ನಾನದ ಮನೆ ಇದೆ. ನಾನು ನೆವಾರ್ಕಿನಲ್ಲಿ ಅಜ್ಜಿಯ ಬೆನ್ನು ಉಜ್ಜಿದೆ" ಎಂದಳು. ಅವರ ಜೊತೆ ಬಂದಿದ್ದ ಅಧ್ಯಾಪಕಿ ಕನ್ನಡಕ ಸರಿಮಾಡಿಕೊಂಡರು. ಸ್ವಲ್ಪ ತಡವಾಗಿ ಚಪ್ಪಾಳೆ ಬಂತು.

ಚಹಾದ ಹೊತ್ತಿಗೆ ಉದ್ದ ಜಡೆಯ ಒಬ್ಬ ಹುಡುಗಿ ಅವಳ ಹತ್ತಿರ ಹೋಗಿ ಏನೋ ಕೇಳಿದಳು. ನಿಜವಾಗಿಯೂ ದೊಡ್ಡ ವಂಶದವಳು ಅವಳೇ ಎಂದು ಆಮೇಲೆ ಗೊತ್ತಾಯಿತು. ಏನು ಕೇಳಿದಳು ಎಂದೆ.

"ಅವಳು ಅಂಥ ಕಡೆ ಹೋಗೇ ಇಲ್ಲವಂತೆ. ಸೋಪು ನಾವೇ ತರಬೇಕಾ ಎಂದು ಕೇಳಿದಳು."

ಹೊಸವರ್ಷಕ್ಕೆ ಕಾರ್ಡು ಬಂತು. ಜಡೆಯ ಹುಡುಗಿ ಸ್ನಾನಕ್ಕೆ ಬಂದಿದ್ದಳಂತೆ. ಬಿಸಿನೀರಿನಲ್ಲಿ ಬಹಳ ಹೊತ್ತು ಕೂತು ತಲೆ ಸುತ್ತಿ ಬಿದ್ದಳಂತೆ. ಮುಂದಿನ ವಾರ ಮತ್ತೆ ಬಂದಳಂತೆ. ಅದನ್ನು ಕನ್ನಡಕ್ಕೆ ಮಾಡಿ, ಅಷ್ಟರಲ್ಲಿ ಮೈಸೂರಿಗೆ ವಾಪಸಾಗಿದ್ದ ಅತ್ತೆಗೆ ಬರೆದು ಕಳಿಸಿದೆ. ಇನ್ನೂ ನಾಲ್ಕು ವರ್ಷ ಕಾರ್ಡುಗಳು ಬಂದವು. ಕೊನೆಯದರಲ್ಲಿ ತನಗೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ, ತಂದೆ ಇನ್ನೂ ಉರಿ ಹಾಕುತ್ತಾರೆ ಎಂದು ಬರೆದಿದ್ದಳು. ಆಮೇಲೆ ನಾವು ಮಾರ್ಗನ್ ಹಿಲ್‌ಗೆ ಮನೆ ಬದಲಾಯಿಸಿದೆವು. ಹೊಸ ವಿಳಾಸ ಬರೆಯಬೇಕು ಎಂದುಕೊಂಡೇ ಎರಡು ವರ್ಷ ಕಳೆದವು.