ಬಿಸಿಲಿಗಿಟ್ಟ ಸೂರ್ಯ

ಗಡಿಯಾಚೆ, ಮಹಾರಾಷ್ಟ್ರದ ಕುರುಂದವಾಡದಲ್ಲಿ ಹೊಳೆಯ ಘಾಟಿನ ಕಡೆಯಿಂದ ಬೆಳಗಿನ ಮೊದಲ ಗಾಳಿ ಬೀಸುವ ಹೊತ್ತಿಗೆ ರಾಜಮತಿ ಮಗದುಮ್ ಒಲೆ ಹಚ್ಚುತ್ತಾರೆ. ಚಹಾಕ್ಕಲ್ಲ, ಅಂಟಿಗೆ. ಹಳೆಯ ಬೋಗುಣಿಯಲ್ಲಿ ಮೈದಾಹಿಟ್ಟು ಕದಡಿ, ಗಂಟಾಗದಂತೆ ತಿರುವುತ್ತ ತಿರುವುತ್ತ, ಚಿಟಿಕೆ ಮೈಲುತುತ್ತ ಉದುರಿಸುತ್ತಾರೆ. ನೀಲಿ ಹರಳು ಕರಗುತ್ತದೆ. ಹೊರಗೆ ಆಕಾಶ ಯಾವ ಬಣ್ಣಕ್ಕೆ ತಿರುಗುತ್ತಿದೆಯೋ ಬೋಗುಣಿಯೊಳಗಿನ ಗಂಜಿಯೂ ಅದೇ ಬಣ್ಣಕ್ಕೆ ತಿರುಗುತ್ತದೆ.

“ಹುಳಾ ಬರಬಾರದು ಅಂತ ಹಾಕೂದ್ರಿ, ಸಾಯಲಿ ಅಂತಲ್ಲ” ಎನ್ನುತ್ತಾರೆ. “ವಾಸನಿ ನೋಡಿ ತಿರಗಿ ಹೋಗಲಿ. ಅದಕ್ಕೂ ಅದರದ ಜೀವಾ ಐತಿ.”

ಬೈಂಡಿಂಗ್ ಮಾಡುವವರು ಸಾಮಾನ್ಯವಾಗಿ ಬಳಸುವ ಸರೇಸು ಅವರ ಮನೆಯಲ್ಲಿಲ್ಲ. ಅದು ಚರ್ಮ, ಮೂಳೆ ಕುದಿಸಿ ಮಾಡುವ ಅಂಟು. ಜೈನರ ಮನೆಯ ಹೊಸ್ತಿಲು ಅದು ದಾಟಿಲ್ಲ, ದಾಟುವುದೂ ಇಲ್ಲ. ಮೈದಾದ ಅಂಟು ಆರಲು ಒಂದು ಹಗಲು ಹೆಚ್ಚು ಬೇಕು. ಬೇಗ ಬೇಕೆನ್ನುವ ಗಿರಾಕಿ ಬೇರೆಡೆ ಹೋಗುತ್ತಾನೆ. ಹೋಗಲಿ ಎಂದು ಬಿಟ್ಟಿದ್ದಾರೆ.

ಒಲೆಯ ಹಿಂದಿನ ಗೋಡೆಯ ಮೇಲೆ, ಅವರ ತಲೆಗಿಂತ ಒಂದು ಗೇಣು ಎತ್ತರದಲ್ಲಿ, ಕಂದು ಬಣ್ಣದ ಗೆರೆಯೊಂದು ಕೋಣೆಯನ್ನು ಸುತ್ತಿ ಬಂದಿದೆ. ಯಾರೂ ಬಳಿದದ್ದಲ್ಲ. ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ ಕೃಷ್ಣೆ ಬಂದು ನಿಂತು, ತಾನು ಎಲ್ಲಿಯವರೆಗೆ ಬಂದಿದ್ದೆನೆಂದು ಹೇಳಿ ಹೋದ ಗೆರೆ. ಈ ಊರಿನಲ್ಲಿ ಯಾವುದಾದರೂ ವಸ್ತುವಿಗೆ ಬೆಲೆ ಇದೆಯೋ ಇಲ್ಲವೋ ತಿಳಿಯಬೇಕಾದರೆ ಅದನ್ನು ಗೆರೆಯ ಮೇಲೆ ಇಟ್ಟಿದ್ದಾರೋ ಕೆಳಗೋ ಎಂದು ನೋಡಿದರೆ ಸಾಕು.

ರಾಜಮತಿ ಅರವತ್ತು ದಾಟಿದವರು. ಕಸಬು ಕಲಿತದ್ದು ಇಚಲಕರಂಜಿಯಲ್ಲಿ, ಬಟ್ಟೆ ವ್ಯಾಪಾರಿಗಳ ಕೆಂಪು ಲೆಕ್ಕದ ವಹಿ ಹೊಲಿಯುವ ಅಂಗಡಿಯೊಂದರಲ್ಲಿ. ಮಗ್ಗಗಳ ಸದ್ದಿನ ನಡುವೆ ದಬ್ಬಳ ಹಿಡಿದ ಕೈ ಅದು. ವಹಿಗಳು ಕಂಪ್ಯೂಟರಿನೊಳಗೆ ಹೋದ ಮೇಲೆ ಅಂಗಡಿ ಮುಚ್ಚಿತು, ಕೈ ಮಾತ್ರ ಉಳಿಯಿತು. ಈಗ ಜೂನ್ ಬಂದರೆ ಶಾಲೆಯ ಪುಸ್ತಕಗಳು, ದಿನಕ್ಕೆ ಒಂದಿಷ್ಟು. ವರ್ಷದ ಉಳಿದ ದಿನಗಳಲ್ಲಿ ಬಸದಿಯ ಶಾಸ್ತ್ರಗ್ರಂಥಗಳು, ಹರಿದ ಪಂಚಾಂಗ, ಯಾರದೋ ಮದುವೆಯ ಆಲ್ಬಮ್. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು. ಕನ್ನಡವನ್ನು ಬೆರಳಿಟ್ಟು ಓದುತ್ತಾರೆ.

ಮಹಾಪೂರದ ಕಥೆಯನ್ನು ಈ ಭಾಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಊರಿನ ವಾಚನಾಲಯದ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ, ಏಕೆಂದರೆ ಅದನ್ನು ಹೇಳಲು ನಾಚಿಕೆಯಾಗಬೇಕು. ನೀರು ಏರುತ್ತದೆಂಬ ಸುದ್ದಿ ಮುಂಚಿನ ದಿನವೇ ಇತ್ತು. ಸಮಿತಿಯವರು ಬಂದರು. ಅಧ್ಯಕ್ಷರ ಖುರ್ಚಿಯನ್ನು ಮಾಳಿಗೆಗೆ ಹೊತ್ತರು. ಹಿಂದಿನ ಅಧ್ಯಕ್ಷರ ಚೌಕಟ್ಟು ಹಾಕಿದ ಫೋಟೊಗಳನ್ನು ಹೊತ್ತರು. ಸತ್ಕಾರದ ಶಾಲುಗಳನ್ನು, ಗಾಜಿನ ಕಪಾಟಿನ ಸ್ಮರಣಿಕೆಗಳನ್ನು ಹೊತ್ತರು. ಕನ್ನಡದ ವಿಜ್ಞಾನ ಪುಸ್ತಕಗಳು ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿದ್ದವು. ನಕ್ಷತ್ರ, ಗ್ರಹಣ, ಬೆಳಕು, ಅಣು, ಬ್ರಹ್ಮಾಂಡದ ಹುಟ್ಟು. ಕನ್ನಡ ಶಾಲೆಯ, ಈಗ ತೀರಿಕೊಂಡಿರುವ ಮಾಸ್ತರೊಬ್ಬರು ಪ್ರತಿ ಸಲ ಬೆಳಗಾವಿಗೆ ಹೋದಾಗ ಒಂದೊಂದಾಗಿ ತಂದು ದಾನ ಕೊಟ್ಟವು. ಅವನ್ನು ಯಾರೂ ಹೊರಲಿಲ್ಲ. ಮಾಳಿಗೆಯಲ್ಲಿ ಜಾಗ ಇರಲಿಲ್ಲವೇ? ಇತ್ತು. ಮೆಟ್ಟಿಲು ಮುರಿದಿತ್ತೇ? ಇಲ್ಲ. ಅವು ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟೇ. ಇದಕ್ಕೆ ಪ್ರವಾಹ ಎಂದು ಹೆಸರಿಡುವುದು ನದಿಗೆ ಮಾಡುವ ಅವಮಾನ.

ನೀರು ಇಳಿದ ಮೇಲೆ ಆ ಪುಸ್ತಕಗಳನ್ನು ಸಲಿಕೆಯಿಂದ ಬಾಚಿ ರಸ್ತೆಯ ಬದಿಗೆ ಹಾಕಿದರು. ಕೊಳೆತ ಹಾಸಿಗೆ, ಹಾಳಾದ ಅಕ್ಕಿ, ಪುಸ್ತಕ, ಎಲ್ಲ ಒಂದೇ ಗುಡ್ಡೆ. ಬಸದಿಯ ನೆನೆದ ಗ್ರಂಥಗಳನ್ನು ಬುಟ್ಟಿಯಲ್ಲಿ ಹೊತ್ತು ಬರುತ್ತಿದ್ದ ರಾಜಮತಿ ಆ ಗುಡ್ಡೆಯ ಹತ್ತಿರ ನಿಂತುಬಿಟ್ಟರು. ಕೆಸರಿನಲ್ಲಿ ಬಿದ್ದ ಹಾಳೆಯೊಂದರ ಮೇಲೆ ಚಿತ್ರವಿತ್ತು: ನಡುವೆ ಒಂದು ದುಂಡನೆಯ ಬಿಂದು, ಅದರ ಸುತ್ತ ಬಳೆ, ಆ ಬಳೆಯ ಸುತ್ತ ಇನ್ನೊಂದು ಬಳೆ.

“ಜಂಬೂದ್ವೀಪ ಅಂತ ತಿಳದೆ” ಎಂದು ಅವರು ಇಂದಿಗೂ ನಗುತ್ತಾರೆ. “ಬಸದಿ ಗ್ವಾಡಿ ಮ್ಯಾಲೆ ಸಣ್ಣಾಕಿ ಇದ್ದಾಗಿಂದ ನೋಡೇನಿ. ನಡುವ ಮೇರು, ಸುತ್ತ ದ್ವೀಪಾ, ಅದರ ಸುತ್ತ ಲವಣ ಸಮುದ್ರ. ಶಾಸ್ತ್ರಾ ರಾಡ್ಯಾಗ ಬಿದ್ದೈತಿ, ಯಾರಾರ ತುಳದ ಗಿಳದಾರು ಅಂತ ಬುಟ್ಟ್ಯಾಗ ಹಾಕ್ಕೊಂಡೆ. ಮತ್ತ ಹುಡಕಿದೆ. ಹುಡಕಿದಷ್ಟೂ ಬಳಿ ಬಳಿ ಚಿತ್ರಾನ ಸಿಗಾಕತ್ತವು.”

ಅದು ಸೌರಮಂಡಲ. ಗ್ರಹಗಳ ಕಕ್ಷೆಗಳು. ಈ ಊರಿನ ಬಸದಿಯಲ್ಲಿ ಬೆಳೆದ ಕಣ್ಣಲ್ಲದೆ ಬೇರಾವ ಕಣ್ಣೂ ಆ ತಪ್ಪನ್ನು ಮಾಡುತ್ತಿರಲಿಲ್ಲ. ಅದೇ ತಪ್ಪು ಆ ಪುಸ್ತಕಗಳ ಜೀವ ಉಳಿಸಿತು.

ಎರಡೂ ಬಗೆಯ ಹಾಳೆಗಳನ್ನು ತಮ್ಮ ಮನೆಯ ಒಂದೇ ಅಟ್ಟದಲ್ಲಿ, ಮಗ್ಗದ ನೂಲನ್ನು ಅಡ್ಡಡ್ಡ ಕಟ್ಟಿ, ಒಂದೊಂದಾಗಿ ನೇತುಹಾಕಿ ಒಣಗಿಸಿದರು. ಎರಡೂ ಕನ್ನಡ, ಎರಡೂ ಅದೇ ಅಳತೆ, ಎರಡೂ ಹಳದಿಗಟ್ಟಿದ ಕಾಗದ. ಪುಟದ ಅಂಕಿಗಳು ನೀರಿಗೆ ಹೋಗಿದ್ದವು. ಬಳೆಯ ಚಿತ್ರ ಇದ್ದದ್ದೆಲ್ಲ ಒಂದೇ ಗ್ರಂಥ ಎಂದು ಭಾವಿಸಿ, ಲೋಕವರ್ಣನೆಯ ಶಾಸ್ತ್ರವನ್ನೂ ಸೂರ್ಯನ ಕುರಿತ ವಿಜ್ಞಾನದ ಪುಸ್ತಕವನ್ನೂ ಒಟ್ಟಿಗೆ ಹೊಲಿದು, ಚೊಕ್ಕ ರಟ್ಟು ಹಾಕಿ ಬಸದಿಗೆ ಕೊಟ್ಟರು.

ಬಸದಿಯಲ್ಲಿ ಬೆಳಗಿನ ಸ್ವಾಧ್ಯಾಯಕ್ಕೆ ಗಟ್ಟಿಯಾಗಿ ಓದುವವರು ಬಾಪೂಸಾಹೇಬ. ಎಂಬತ್ತರ ಹಿರಿಯರು, ದಪ್ಪ ಕನ್ನಡಕ, ಯಾವುದನ್ನು ಓದಿದರೂ ಒಂದೇ ರಾಗ. ಜಂಬೂದ್ವೀಪದಲ್ಲಿ ಇಬ್ಬರು ಸೂರ್ಯರು ಮೇರುವನ್ನು ಸುತ್ತುತ್ತಾರೆ ಎಂದು ಓದಿದವರು, ಹಾಳೆ ಮಗುಚಿ, ಭೂಮಿಯು ಸೂರ್ಯನನ್ನು ಸುತ್ತುತ್ತದೆ ಎಂದೂ ಅದೇ ರಾಗದಲ್ಲಿ ಓದಿದರು. ಕೇಳುವ ಹೆಂಗಸರು ಭಕ್ತಿಯಿಂದ ತಲೆದೂಗಿದರು. ಕೆಲವು ಬೆಳಗುಗಳು ಹೀಗೇ ಕಳೆದವು. ಕೊನೆಗೆ ನಾಗೂಬಾಯಿ ಎಂಬ ಅಜ್ಜಿ ಕೈಯೆತ್ತಿದರು.

“ಬಾಪೂ, ಈ ಹೈಡ್ರೋಜನ್ ಅಂದ್ರ ಯಾವ ಜಾತಿ ದೇವತಾ?”

ಬಾಪೂಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆಮೇಲೆ ರಾಜಮತಿಯವರನ್ನು ಕರೆಸಿದರು. ಬೈಗುಳಕ್ಕೆ ಸಿದ್ಧರಾಗಿಯೇ ಅವರು ಹೋದರು. “ಏನ್ ಮಾಡಿದಿ ಮಗಳ, ಲೋಕಾನ ಒಂದ ದಾರಕ್ಕ ಹೊಲದ ಬಿಟ್ಟಿಯಲ್ಲ” ಎಂದರಂತೆ ಹಿರಿಯರು. “ಇರಲಿ. ಸುತ್ತೂದು ಎರಡರಾಗೂ ಐತಿ, ಯಾರ ಸುತ್ತ ಅನ್ನೂದಷ್ಟ ಬ್ಯಾರೆ. ಬಿಚ್ಚಿ ಬ್ಯಾರೆ ಬ್ಯಾರೆ ಮಾಡು. ಯಾವದನ್ನೂ ಹರೀಬ್ಯಾಡ.”

ಬಿಚ್ಚುವುದಕ್ಕೆ ಹೊಲಿಯುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಯಾವ ಹಾಳೆ ಯಾವ ಲೋಕದ್ದು ಎಂದು ತಿಳಿಯಬೇಕಾದರೆ ಪ್ರತಿ ಹಾಳೆಯನ್ನೂ ಬೆರಳಿಟ್ಟು ಓದಲೇಬೇಕಾಯಿತು. ಹಾಗಾಗಿ ರಾಜಮತಿಯವರಿಗೆ ಬ್ರಹ್ಮಾಂಡ ಗೊತ್ತಿರುವುದು ತುಂಡು ತುಂಡಾಗಿ, ನಡುನಡುವಿನಿಂದ.

“ನನಗ ಯಾವ ಪುಸ್ತಕದ ಸುರುವಾತಿನೂ ಗೊತ್ತಿಲ್ರಿ, ಕಡೀನೂ ಗೊತ್ತಿಲ್ಲ. ಗುರು ಗ್ರಹದ ಮ್ಯಾಲೆ ಒಂದ ಬಿರುಗಾಳಿ ಎದ್ದಿತ್ತು. ನಮ್ಮ ಭೂಮಿಗಿಂತ ದೊಡ್ಡದಂತ. ಅದು ನಿಂತತೋ ಇಲ್ಲೋ ಅನ್ನೂ ಹಾಳಿ ಹೊಳಿ ತಗೊಂಡ ಹೋತು. ಭಾಳ ದಿನಾ ಅದ ಚಿಂತಿ.”

ಆ ಚಿಂತೆ ನೀಗಿಸಿದವರು ಪ್ರಿಯದರ್ಶನಿ, ದತ್ತವಾಡದ ಕನ್ನಡ ಶಾಲೆಯ ಟೀಚರ್. ಬಿರುಗಾಳಿ ಇನ್ನೂ ಬೀಸುತ್ತಿದೆ ಎಂದು ಹೇಳಿದವರು ಅವರೇ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಬಂದು, ಅಟ್ಟ ಏರಿ, ಚೀಲದ ತುಂಬ ಪುಸ್ತಕ ಒಯ್ಯುತ್ತಾರೆ. ಮುಂದಿನ ಸಲ ಮರಳಿಸುತ್ತಾರೆ. “ನಮ್ಮ ಹುಡುಗರು ಮರಾಠಿ ಚಲೋ ಮಾತಾಡತಾರ” ಎನ್ನುತ್ತಾರೆ ಅವರು. “ಆದ್ರ ಕಪ್ಪುಕುಳಿ ಒಳಗ ಬಿದ್ರ ಏನಾಗತೈತಿ ಅಂತ ಕೇಳೂದು ಮನಿ ಮಾತಿನಾಗ. ಉತ್ತರಾನೂ ಮನಿ ಮಾತಿನಾಗ ಬೇಕಲ್ರಿ. ಆ ಉತ್ತರ ಈ ಅಟ್ಟದಾಗ ಬಿಟ್ರ ನನ್ನ ಕೈಗೆ ಎಲ್ಲೂ ಸಿಕ್ಕಿಲ್ಲ.”

ಇಷ್ಟೆಲ್ಲ ಆದ ಮೇಲೆ ಪುಸ್ತಕಗಳು ತಮ್ಮ ಮನೆಗೆ ಮರಳಬೇಕಿತ್ತು. ವಾಚನಾಲಯಕ್ಕೆ ಹೊಸ ಸಭಾಗೃಹ ಬಂತು, ತಣ್ಣನೆಯ ಗಾಳಿಯ ಯಂತ್ರ ಬಂತು, ಸ್ಪರ್ಧಾ ಪರೀಕ್ಷೆಯ ಗೈಡುಗಳ ಸಾಲು ಬಂತು. ಮಹಾಪೂರದ ಗೆರೆಯ ಎತ್ತರಕ್ಕಿಂತ ಮೇಲೆ, ಗೋಡೆಯುದ್ದಕ್ಕೂ ಅಧ್ಯಕ್ಷರ ಫೋಟೊಗಳು ಬಂದವು. ಕನ್ನಡದ ಖಾನೆ ಬರಲಿಲ್ಲ. ಬದಲಿಗೆ ಸಮಿತಿಯ ಠರಾವು ಬಂತು: ಹಾಳಾದ ಪುಸ್ತಕಗಳನ್ನು ಹಿಂಪಡೆದು ರದ್ದಿಗೆ ಹಾಕುವುದು. ಕೊಟ್ಟ ಕಾರಣ, ಪುಸ್ತಕಗಳು ಕಲಬೆರಕೆಯಾಗಿವೆ, ಕಟ್ಟಿದವರಿಗೆ ಓದು ಬರುವುದಿಲ್ಲ. ಒಬ್ಬ ಹೆಂಗಸು ಮಾಡಿ, ತಿದ್ದಿಕೊಂಡೂ ಆಗಿದ್ದ ಒಂದು ತಪ್ಪನ್ನು, ತಾವು ತಿದ್ದದ ತಪ್ಪಿನ ಮೇಲೆ ಹೊದಿಸಿದ ಜಾಣತನ ಇದು. ಸಲಿಕೆ ಹಿಡಿದ ಕೈಯೇ ಈಗ ಗುಣಮಟ್ಟದ ಮಾತಾಡುತ್ತಿದೆ.

ವಾಚನಾಲಯದ ಕಾರ್ಯದರ್ಶಿ ಹರ್ಷದ ಕೆಟ್ಟ ಮನುಷ್ಯನೇನಲ್ಲ. ಅದೇ ಬಸದಿಯವರು, ರಾಜಮತಿಯವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರು. ಮೇ ತಿಂಗಳ ಒಂದು ಮಧ್ಯಾಹ್ನ ಅಟ್ಟದ ಕೆಳಗೆ ನಿಂತು, ರದ್ದಿಯ ಟೆಂಪೋ ಬರುತ್ತದೆಂದು ಹೇಳಲು ಬಂದಿದ್ದರು.

“ಮಾವಶಿ, ನಿಯಮ ಆಹೇ. ನಾ ಒಬ್ಬಾಂವ ಮಾಡಿದ್ದಲ್ಲ. ಮತ್ತ ಅವು ಹಳೇವು. ಒಂಬತ್ತು ಗ್ರಹಾ ಅಂತ ಬರದಾರ. ಪ್ಲೂಟೊ ತಗದು ಎಷ್ಟ ವರ್ಷಾತು.”

“ಪ್ಲೂಟೊ ತಗದ್ರ ಉಳದವು ಅದಾವಿಲ್ಲೋ ಯಪ್ಪಾ?”

“ಹಂಗಲ್ಲ ಮಾವಶಿ...”

“ನಿನ್ನ ಆಧಾರ ಕಾರ್ಡಿನಾಗ ಹುಟ್ಟಿದ ತಾರೀಕ ತಪ್ಪೈತಿ ಅಂತಿದ್ದಿ. ನಿನ್ನೂ ರದ್ದಿಗಿ ಹಾಕೂಣು?”

ಹರ್ಷದ ನಕ್ಕರು. ನಕ್ಕರೂ ಠರಾವು ನಗಲಿಲ್ಲ. ಶ್ರುತಪಂಚಮಿ ಮುಗಿಯಲಿ, ಆಮೇಲೆ ಟೆಂಪೋ ಕಳಿಸುತ್ತೇವೆ ಎಂದು ಹೇಳಿ ಹೋದರು.

ಶ್ರುತಪಂಚಮಿ ಜೈನರಿಗೆ ಗ್ರಂಥಗಳ ಹಬ್ಬ. ಜ್ಯೇಷ್ಠದಲ್ಲಿ, ಮಳೆ ಹಿಡಿಯುವ ಮುಂಚೆ, ಬಸದಿಯ ಗ್ರಂಥಗಳನ್ನೆಲ್ಲ ಹೊರಗೆ ತಂದು, ಧೂಳು ಝಾಡಿಸಿ, ಬಿಸಿಲು ತೋರಿಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಪೂಜಿಸುತ್ತಾರೆ. ಹಬ್ಬದ ಮೂಲದಲ್ಲಿ ಭಕ್ತಿ ಎಷ್ಟಿದೆಯೋ ಬೂಷ್ಟಿನ ಭಯವೂ ಅಷ್ಟೇ ಇದೆ. ಝಾಡಿಸುವ, ಸುತ್ತುವ ಕೆಲಸ ವರ್ಷಗಳಿಂದ ರಾಜಮತಿಯವರದು. ಈ ವರ್ಷ ಅವರು ಅಟ್ಟದ ಪುಸ್ತಕಗಳನ್ನೂ ಹೊತ್ತು ತಂದರು.

“ಕಾಕಾ, ಇವಕ್ಕೂ ಇವತ್ತ ಬಿಸಲ ತೋರಸಲೇನು? ನಾಳೆ ಹೋಗೂವು ಅದಾವು” ಎಂದು ಬಾಪೂಸಾಹೇಬರನ್ನು ಕೇಳಿದರು.

“ಬಿಸಲ ಯಾರಪ್ಪಂದು? ಇಡು” ಎಂದರು ಹಿರಿಯರು.

ಇಟ್ಟರು. ಅಂಗಳದ ಚಾಪೆಯ ಮೇಲೆ ಚಂದ್ರನ ಪುಸ್ತಕ, ಧೂಮಕೇತುವಿನ ಪುಸ್ತಕ, ಬಿಸಿಲಲ್ಲಿ ಬೆನ್ನು ಕಾಯಿಸಿಕೊಳ್ಳುತ್ತಿರುವ ಸೂರ್ಯನ ಪುಸ್ತಕ. ಬಿಸಿಲು ಕಾದ ಮೇಲೆ ಎಲ್ಲವನ್ನೂ ಸುತ್ತಿದರು. ಇಚಲಕರಂಜಿಯಿಂದ ತಂದ ಒಂದೇ ಥಾನಿನ ಬಟ್ಟೆ. ಶಾಸ್ತ್ರಕ್ಕೂ ಅದೇ, ವಿಜ್ಞಾನಕ್ಕೂ ಅದೇ. ಬೇರೆ ಬಟ್ಟೆ ಅವರಲ್ಲಿರಲಿಲ್ಲ. ಪೂಜೆಯ ಪೀಠದ ಹತ್ತಿರ ಶಾಸ್ತ್ರಗಳ ಸಾಲು, ಅದರ ಪಕ್ಕಕ್ಕೆ ಕಂಬದ ಬಳಿ ಇವುಗಳ ಸಾಲು.

ಹರ್ಷದ ಬಿಳಿ ಬಟ್ಟೆಯುಟ್ಟು ಬಂದರು. ಗಂಟುಗಳ ಮುಂದೆ ಬಗ್ಗಿದರು, ಮೊದಲಿನಿಂದ ಕೊನೆಯವರೆಗೆ ಅಕ್ಷತೆ ಹಾಕುತ್ತ ನಡೆದರು. ಪೀಠ ದಾಟಿದರು, ಕಂಬದವರೆಗೂ ಹೋದರು. ಕಣ್ಣು ಅರೆಮುಚ್ಚಿತ್ತು. ಅವರೇ ರದ್ದಿಗೆ ಸಹಿ ಹಾಕಿದ್ದ ಪುಸ್ತಕಗಳ ಮೇಲೆ ಅಕ್ಕಿಕಾಳುಗಳು ಸಣ್ಣ ಸದ್ದಿನೊಂದಿಗೆ ಬಿದ್ದವು.

ರಾಜಮತಿ ಸುಮ್ಮನಿದ್ದುಬಿಡಬಹುದಿತ್ತು. ಇರಲಿಲ್ಲ. “ಹರ್ಷದ, ಅವು ನಿಮ್ಮ ವಾಚನಾಲಯದ್ದು” ಎಂದರು, ಮೆಲ್ಲಗೆ. “ಗೊತ್ತಿರಲಿ ಅಂತ ಹೇಳಿದೆ.”

ಹರ್ಷದರ ಕೈ ಅರ್ಧಕ್ಕೆ ನಿಂತಿತು. ಮುಷ್ಟಿಯಲ್ಲಿ ಇನ್ನೂ ಅಕ್ಕಿಯಿತ್ತು. ಬಾಪೂಸಾಹೇಬರು ಕನ್ನಡಕ ಒರೆಸುತ್ತ, “ಹಾಕಿದ್ದು ಹಾಕಿದಿ. ಆರಿಸಿ ತಗೀತಿ ಏನ್ ಈಗ?” ಎಂದರು.

ಹರ್ಷದ ಉಳಿದ ಅಕ್ಕಿಯನ್ನೂ ಹಾಕಿದರು. “ಮೀಟಿಂಗನ್ಯಾಗ ವಿಷಯಾ ತಗೀತೇನಿ ಮಾವಶಿ” ಎಂದರು.

ಟೆಂಪೋ ಬರಲಿಲ್ಲ. ಮೀಟಿಂಗೂ ಆಗಿಲ್ಲ. ಅಧ್ಯಕ್ಷರು ಊರಲ್ಲಿಲ್ಲ, ಸದಸ್ಯರ ಸಂಖ್ಯೆ ಸಾಲುತ್ತಿಲ್ಲ, ಸಭೆಯ ವಿಷಯಪಟ್ಟಿ ತುಂಬಿದೆ. ಒಂದು ಊರು ತನ್ನ ಪುಸ್ತಕಗಳನ್ನು ಕೊಲ್ಲಲು ದುಷ್ಟರೇನೂ ಬೇಕಿಲ್ಲ, ಕೋರಂ ಇಲ್ಲದ ಒಂದು ಸಮಿತಿ ಸಾಕು. ಅತ್ತ ಘಟ್ಟದ ಮೇಲೆ ಮೋಡ ಕಟ್ಟುತ್ತಿದೆ. ಪಂಚಗಂಗೆ ಆಗಲೇ ಕೆಂಪಾಗಿ ಕೃಷ್ಣೆಯನ್ನು ಸೇರುತ್ತಿದೆ. ರಾಜಮತಿಯವರ ಅಟ್ಟವೋ ತಲೆ ತಾಗುವಷ್ಟು ಗಿಡ್ಡದು, ಗೆರೆಗಿಂತ ತಗ್ಗು. ಹತ್ತೊಂಬತ್ತರ ನೀರು ಮತ್ತೆ ಬಂದರೆ ಮೊದಲು ಮುಟ್ಟುವುದು ಅದನ್ನೇ.

ಅಂಟು ಹದಕ್ಕೆ ಬಂದಿದೆ. ಬೋಗುಣಿ ಇಳಿಸಿ, ಧೂಮಕೇತುವಿನ ಪುಸ್ತಕದ ಬೆನ್ನಿಗೆ ನೀಲಿ ಗಂಜಿ ಸವರುತ್ತ ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಅವರು ಕೇಳುತ್ತಾರೆ, ಪೇಪರಿನಲ್ಲಿ ಏನು ಬರೆಯುತ್ತೀರಿ ಎಂದು. ಉತ್ತರಕ್ಕೆ ಕಾಯುವುದಿಲ್ಲ.

“ನನ್ನ ಫೋಟೊ ಬ್ಯಾಡ್ರಿ. ಫೋಟೊ ಆ ಸಭಾಗೃಹದಾಗ ಬೇಕಾದಷ್ಟ ಅದಾವು. ನೀರಿನ ಗೆರಿ ಎಲ್ಲಿಗೆ ಬಂದಿತ್ತು ಅಷ್ಟ ಬರೀರಿ. ಅದಕ್ಕಿಂತ ಒಂದ ಗೇಣ ಮ್ಯಾಲೆ, ಆ ಫೋಟೊಗಳ ಬಾಜೂಕ, ಈ ಪುಸ್ತಕಾ ಇಡಾಕ ಒಂದ ಫಳಿ ಹೊಡ್ಯಾಕ ಜಾಗಾ ಬೇಕು. ಫಳಿ ನಾನ ತರತೇನಿ, ಮೊಳಿನೂ ನಾನ ತರತೇನಿ.” ಹಾಳೆಯ ಅಂಚನ್ನು ಬೆರಳಿನಿಂದ ಒತ್ತಿ ಕೂರಿಸುತ್ತಾರೆ. “ಗ್ವಾಡಿ ಅಷ್ಟ ಅವರದು.”