ಬಾಲ್ಕನಿಯಿಂದ ಕೂಗಿದ ಪಾಸ್‌ವರ್ಡ್

ಚೆನ್ನೈ ಪಕ್ಕದ ತಾಂಬರಂನ ನಮ್ಮ ಫ್ಲ್ಯಾಟಿಗೆ ವೈಫೈ ಹಾಕಿಸಿದಾಗ, ಯಾರಾದರೂ ಕದ್ದು ಬಳಸಿಯಾರೆಂದು ನಾನು ಭಾರಿ ಎಚ್ಚರ ವಹಿಸಿದ್ದೆ. ಆದರೆ ಊರಿಂದ ಬಂದ ತಮ್ಮ ಒಳಗಿನಿಂದ ಪಾಸ್‌ವರ್ಡ್ ಕೇಳಿದಾಗ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನಾನು ಅಲ್ಲಿಂದಲೇ ಕೂಗಿದೆ: "ಹುರಿಗಾಳು, ಆಮೇಲೆ ನಲವತ್ತೆರಡು ಕಣೋ!"

ಆ ಬೀದಿಯಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಕೊಬ್ಬು. ಅದೇ ಕೊಬ್ಬಿನಲ್ಲಿ ನಾನೂ ಹೆಂಡತಿಯೂ ಬಾಲ್ಕನಿಯಲ್ಲೇ ಬಟ್ಟೆ ಹಿಂಡುತ್ತ, ಕೆಳಮನೆಯ ವಿಧವೆಯನ್ನು ಆಡಿಕೊಳ್ಳುತ್ತಿದ್ದೆವು. ಗಂಡನನ್ನು ನುಂಗಿ ನೀರು ಕುಡಿದವಳು ಎಂದು ನಗುತ್ತಿದ್ದೆವು.

ಕೆಲವು ತಿಂಗಳ ನಂತರ ನಮ್ಮ ನೆಟ್‌ವರ್ಕಿನಲ್ಲಿ ಬೇರೊಂದು ಕಂಪ್ಯೂಟರ್ ಕಂಡಿತು. ಅದಕ್ಕೆ ಕೆಳಮನೆಯಾಕೆಯ ಮಗಳ ಹೆಸರಿತ್ತು. ಕೆಳಗಿಳಿದು ಹೋಗಿ ತಮಿಳಿನಲ್ಲಿ ದಬಾಯಿಸಿದೆ.

ಆಕೆ ಕನ್ನಡದಲ್ಲಿ ಉತ್ತರಿಸಿದರು.

"ಮಗಳಿಗೆ ಕಾಲೇಜಿನ ಕೆಲಸ ಇತ್ತು ಸಾರ್. ತಪ್ಪಾಯ್ತು. ನೀವೇ ಕೂಗಿ ಹೇಳಿದ್ರಲ್ಲ."

ಅವರು ಹುಟ್ಟಿ ಬೆಳೆದದ್ದು ಹೊಸೂರಿನ ಕನ್ನಡದ ಮನೆಯಲ್ಲಂತೆ. ಬಾಗಿಲು ಮುಚ್ಚುವ ಮುನ್ನ ತಲೆ ತಗ್ಗಿಸಿ ಅಂದರು: "ಬೇರೆ ಮಾತೂ ಕೇಳಿಸ್ತಿತ್ತು. ಮಗಳಿಗೂ ಕನ್ನಡ ಬರುತ್ತೆ."

ಪಾಸ್‌ವರ್ಡನ್ನು ಅಂದೇ ಬದಲಾಯಿಸಿದೆ. ಆ ಮನೆ ಬಿಡುವವರೆಗೂ ನಾವು ಬಟ್ಟೆಯನ್ನು ಒಳಗೇ ಒಣಹಾಕಿದೆವು.