ನಾಯಿ ನೋಡುವ ಶಾಸ್ತ್ರ

ನಮ್ಮ ಮನೆಯಿಂದ ಯಾರೂ ಹೊತ್ತಿಗೆ ಸರಿಯಾಗಿ ಹೊರಡಲಾರರು. ಇದಕ್ಕೆ ನನ್ನ ಸೀರೆಯನ್ನೋ ಯಜಮಾನರ ಸ್ನಾನವನ್ನೋ ದೂರಬೇಡಿ. ಅಪರಾಧಿ ಮಗಳ ಮೂಗು. ಹೊರಡುವಾಗ ಒಂಟಿ ಸೀನು ಬಿದ್ದರೆ ಇಟ್ಟ ಕಾಲು ಹಿಂದಕ್ಕೆ ತೆಗೆದು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಏಳಬೇಕು. ಜೋಡಿ ಸೀನಾದರೆ ಧಾರಾಳವಾಗಿ ಹೋಗಬಹುದು ಎಂಬುದು ನಮ್ಮ ಅತ್ತೆಯ ಶಕುನಶಾಸ್ತ್ರ. ಈ ಶಾಸ್ತ್ರವನ್ನು ರಚಿಸಿದ ಪೂರ್ವಿಕರಿಗೆ ಅಲರ್ಜಿಯ ಮೊಮ್ಮಗಳು ಇರಲಿಲ್ಲವೆಂದು ಕಾಣುತ್ತದೆ. ನಮ್ಮ ಸಿಂಚನ ನಾಲ್ಕನೇ ಕ್ಲಾಸು. ಕಸ ಗುಡಿಸಿದರೆ ಸೀನು, ಒಗ್ಗರಣೆ ಹಾಕಿದರೆ ಸೀನು, ಹಳೆಯ ಕಂಬಳಿ ಕೊಡವಿದರಂತೂ ಸೀನಿನ ಸರಮಾಲೆ. ನಮ್ಮೂರು ಅಕ್ಕೂರಿನಿಂದ ಚನ್ನಪಟ್ಟಣದ ಮದುವೆಗೆ ಹೊರಟವರು ಮುಹೂರ್ತ ತಪ್ಪಿಸಿಕೊಂಡು, ಕೊನೆಯ ಪಂಕ್ತಿಯಲ್ಲಿ ಕೂತು, ಹೋಳಿಗೆ ಮುಗಿದುಹೋದ ಸುದ್ದಿಯನ್ನು ಬರಿ ಎಲೆಯ ಮುಂದೆ ಕೇಳಿಸಿಕೊಂಡದ್ದು ಎಷ್ಟು ಸಲವೋ! ಕೊನೆಗೆ ಹುಡುಗಿಯೇ ಒಂದು ಉಪಾಯ ಕಂಡುಕೊಂಡಳು. ಒಂದು ಸೀನು ಬಂದ ಕೂಡಲೇ ಗಂಟಲಿನಲ್ಲಿ ಇನ್ನೊಂದನ್ನು ತಯಾರಿಸಿ ಜೊತೆಗೆ ಸೇರಿಸಿಬಿಡುತ್ತಾಳೆ. ಎರಡನೆಯದು ಕೃತಕವೆಂದು ಅತ್ತೆಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ "ಜೋಡಿ ಬಿತ್ತು, ನಡ್ರಪ್ಪ" ಎನ್ನುತ್ತಾರೆ. ಅವರಿಗೂ ಹೋಳಿಗೆ ಇಷ್ಟ.

ಇಂಥ ಮೂಗಿನ ಒಡತಿಗೆ ಬೇಕಾಗಿದ್ದದ್ದು ಒಂದು ನಾಯಿ. ಬೇಕು ಎಂದರೆ ಸಾಮಾನ್ಯ ಬೇಕಲ್ಲ. ಸ್ಕೂಲಿನಿಂದ ಬರುವ ದಾರಿಯ ನಾಯಿಗಳಿಗೆಲ್ಲ ಇವಳು ಇಟ್ಟ ಹೆಸರುಗಳಿವೆ. ನಾನು ಸ್ಕೂಟರ್ ನಿಲ್ಲಿಸದಿದ್ದರೆ ಹಿಂದಿನ ಸೀಟಿನಿಂದಲೇ ಅವುಗಳ ಯೋಗಕ್ಷೇಮ ವಿಚಾರಿಸಿಕೊಂಡು ಬರುತ್ತಾಳೆ. ಕನಕಪುರದಲ್ಲಿರುವ ನನ್ನ ತಂಗಿಯ ಮನೆಗೆ ಹೋದಾಗ ಅಲ್ಲಿನ ಜೂಲುನಾಯಿಯನ್ನು ಇಡೀ ಮಧ್ಯಾಹ್ನ ತಬ್ಬಿಕೊಂಡು ಕೂತಳು. ಕಾಫಿ ಹೊತ್ತಿಗೆ ಕಣ್ಣು ಊದಿ ಗೆರೆಯಾಗಿತ್ತು, ಕೈಮೇಲೆಲ್ಲ ಕೆಂಪು ದದ್ದು. ರಾಮನಗರದ ಡಾಕ್ಟರು ತೋಳಿನ ಮೇಲೆ ಚುಚ್ಚಿ ಪರೀಕ್ಷೆ ಮಾಡಿ, ದೂಳಿನ ಜೊತೆ ನಾಯಿಯೂ ಆಗುವುದಿಲ್ಲ ಎಂದರು. ಹುಡುಗಿ ಅಳಲಿಲ್ಲ. ಡಾಕ್ಟರ ಮುಖವನ್ನೇ ನೋಡುತ್ತಾ, "ಸೀನು ಬರಿಸದೇ ಇರೋ ನಾಯಿ ಯಾವುದು, ಡಾಕ್ಟ್ರೇ?" ಎಂದು ಕೇಳಿದಳು.

"ಅಂಥದ್ದು ಯಾವುದೂ ಇಲ್ಲ ಪುಟ್ಟಿ" ಎಂದು ಅವರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಬರೀ ಕೂದಲಿಂದ ಬರೋ ತೊಂದರೆ ಅಲ್ಲಮ್ಮ ಇದು. ಜೊಲ್ಲು, ಚರ್ಮದ ಹೊಟ್ಟು, ಎಲ್ಲ ಸೇರುತ್ತೆ. ಒಂದು ನಾಯಿಗೆ ಜಾಸ್ತಿ ಆದದ್ದು ಇನ್ನೊಂದಕ್ಕೆ ಕಮ್ಮಿ ಆಗಬಹುದು. ತರಲೇಬೇಕು ಅಂದ್ರೆ, ಮೊದಲು ಅದೇ ನಾಯಿ ಜೊತೆ ನಾಲ್ಕಾರು ಸಲ ಕೂತು ನೋಡಲಿ. ಉಸಿರಾಡುವಾಗ ಎದೆಯಲ್ಲಿ ಒಂದು ಸಲ ಸಿಳ್ಳೆ ಕೇಳಿಸಿದ್ರೂ ಅಲ್ಲಿಗೆ ನಿಲ್ಲಿಸಿ, ನನ್ನ ಹತ್ರ ಬನ್ನಿ" ಎಂದರು.

ಡಾಕ್ಟರು ಹೇಳಿದ್ದು ಸಿಳ್ಳೆ. ಸ್ಕೂಟರ್ ಮನೆ ಮುಟ್ಟುವಷ್ಟರಲ್ಲಿ ನಾನು ಅದನ್ನು ಸೀನಿಗೆ ಇಳಿಸಿದ್ದೆ. "ನೋಡು, ಒಂದೇ ಒಂದು ಸೀನು ಬಂದ್ರೂ ನಾಯಿ ಇಲ್ಲ" ಎಂದು ಗಾಡಿಯ ಸ್ಟ್ಯಾಂಡ್ ಹಾಕುತ್ತಲೇ ಘೋಷಿಸಿದೆ. ಭಯಬಿದ್ದ ತಾಯಂದಿರು ಕಾನೂನು ಮಾಡುವುದು ಹೀಗೆಯೇ. ತಿದ್ದುಪಡಿಗೆ ಅವಕಾಶವೇ ಇರುವುದಿಲ್ಲ.

ಆಮೇಲೆ, ಬರೆಯುವವಳ ಚಟ ನೋಡಿ, ಫೇಸ್‌ಬುಕ್ಕಿನಲ್ಲಿ ಬರೆದೆ: ಅಲರ್ಜಿ ಇರುವ ಮಗುವಿಗೆ ಯಾವ ನಾಯಿ ಒಳ್ಳೆಯದು? ನಮ್ಮ ಜನರ ಔದಾರ್ಯಕ್ಕೆ ಮಿತಿಯಿಲ್ಲ. ಗುಂಗುರು ಕೂದಲಿನದು ತನ್ನಿ ಎಂದರೊಬ್ಬರು, ಕೂದಲೇ ಇಲ್ಲದ್ದು ತನ್ನಿ ಎಂದರು ಇನ್ನೊಬ್ಬರು. ಮಗುವಿನ ಮೂಗಿಗೆ ಹರಳೆಣ್ಣೆ ಬಿಡಿ ಎಂದವರುಂಟು, ನಾಯಿಯ ಮೈಗೆ ಹರಳೆಣ್ಣೆ ಹಚ್ಚಿ ಎಂದವರೂ ಉಂಟು. ಒಬ್ಬ ಮಹನೀಯರು ಮೀನು ಸಾಕಿ ಎಂದು ಸಲಹೆ ಕೊಟ್ಟು, ತಮ್ಮ ಅಂಗಡಿಯ ಫೋನ್ ನಂಬರನ್ನೂ ಹಾಕಿದರು. ನಾನು ಬರೆದ ಪ್ರಬಂಧಗಳಿಗೆ ಬಾರದಷ್ಟು ಪ್ರತಿಕ್ರಿಯೆ ಈ ಒಂದು ಸಾಲಿಗೆ ಬಂತೆಂಬುದನ್ನು ಲೇಖಕಿಯಾಗಿ ನುಂಗಿಕೊಂಡೆ.

ಮೊದಲು ಬಿಡದಿ ಕಡೆ ಹೋದೆವು. ಗುಂಗುರು ಕೂದಲಿನ ಬಿಳಿ ಮರಿ. ಮಾರುವವನು ತೊಟ್ಟಿಲ ಕೂಸನ್ನು ಎತ್ತಿ ತಂದಂತೆ ತಂದು, ಇದು ಅಲರ್ಜಿಯವರಿಗೆಂದೇ ಹುಟ್ಟಿದ ಜಾತಿ ಎಂದು ಭರವಸೆ ಕೊಟ್ಟ. ಯಜಮಾನರು ಅದನ್ನು ಹಿಂದೆ ಮುಂದೆ ನೋಡಿ, "ಇದು ನಾಯಿನೋ ಕುರಿಮರಿನೋ, ಒಸಿ ಬೊಗಳ್ಸಪ್ಪ ಕೇಳಾನ" ಎಂದರು. ಅದು ಬೊಗಳುವ ಮೊದಲೇ ಸಿಂಚನಳ ಕಣ್ಣು ಕೆಂಪಗಾಗಿ, ನೀರು ಸುರಿಯಲಾರಂಭಿಸಿತ್ತು. ಭರವಸೆಯವನು ರೂಮಿನ ದೂಳಿಗೆ ಹೀಗಾಗಿದೆ ಎಂದ. ನಾವು ಅದೇ ದೂಳನ್ನು ಹಿಂದಕ್ಕೆ ಬಿಟ್ಟು ಹೊರಟೆವು. ದಾರಿಯ ನಾಯಿಗಳ ಯೋಗಕ್ಷೇಮವನ್ನೂ ಹುಡುಗಿ ಅಂದು ವಿಚಾರಿಸಲಿಲ್ಲ. ಅವಳು ಅಂದೇ ಏನನ್ನೋ ತೀರ್ಮಾನಿಸಿರಬೇಕು, ನನಗದು ಹೊಳೆಯಲಿಲ್ಲ.

ಹೀಗಿರುವಾಗ ವಿರೂಪಾಕ್ಷಿಪುರದಿಂದ ಯಜಮಾನರ ಗೆಳೆಯ ಪುಟ್ಟಸ್ವಾಮಿಯ ಫೋನು ಬಂತು. ಅವರ ತೋಟದ ಮನೆಯಲ್ಲಿ ಕೆಂಪಿ ಎಂಬ ಹೆಣ್ಣುನಾಯಿ ಇತ್ತು. ನಾಡುನಾಯಿ, ಗಿಡ್ಡ ಕೂದಲು, ಹುಣಸೆಹಣ್ಣಿನ ಬಣ್ಣ. ಕಾವಲಿಗೆಂದು ಸಾಕಿದರೆ ಬಂದವರಿಗೆಲ್ಲ ಬಾಲ ಅಲ್ಲಾಡಿಸುತ್ತದೆ, ನಿಮಗೆ ಬೇಕಾದರೆ ಕೊಂಡೊಯ್ಯಿರಿ ಎಂದರು. ಡಾಕ್ಟರ ಮಾತಿನ ಪ್ರಕಾರ ನಾವು ಭಾನುವಾರ ಬಂದರೆ ವಿರೂಪಾಕ್ಷಿಪುರಕ್ಕೆ ಹೋಗಲಾರಂಭಿಸಿದೆವು. ಆ ವೈಭವವನ್ನು ನೀವು ನೋಡಬೇಕಿತ್ತು. ಅಂಗಳದಲ್ಲಿ ಚಾಪೆ, ಉಪ್ಪಿಟ್ಟು, ಕಾಫಿ. ಮಿಂದು ಮಡಿಯಾದ ಕೆಂಪಿಯನ್ನು ಪುಟ್ಟಸ್ವಾಮಿಯ ಹೆಂಡತಿ ಹಗ್ಗ ಹಿಡಿದು ಹೊರಗೆ ಕರೆತರುವುದು. ಅದು ತಲೆ ತಗ್ಗಿಸಿ ನಿಲ್ಲುವುದು. ನಾವು ಅದರ ನಡೆ, ನೋಟ, ಸ್ವಭಾವಗಳನ್ನು ಗಂಭೀರವಾಗಿ ಪರಿಶೀಲಿಸುವುದು. ಹಾಡಲು ಬರುತ್ತದೆಯೇ ಎಂದು ಕೇಳುವುದೊಂದು ಬಾಕಿ.

"ಏನ್ಲಾ ಮಾದೇವ, ಹೆಣ್ ನೋಡಕ್ಕೂ ಇಷ್ಟ್ ಸಲ ಓಗಿದ್ಯೇನ್ಲಾ ನೀನು?" ಎಂದು ಪುಟ್ಟಸ್ವಾಮಿ ರೇಗಿಸಿದರು.

"ಒಂದೇ ಸಲ ಕಣ್ಲಾ. ಅದ್ಕೇ ಈಗ ಉಸಾರಾಗಿವ್ನಿ" ಎಂದು ಯಜಮಾನರು ನನ್ನತ್ತ ನೋಡಿದರು. ನಾನು ಅವರ ಪಾಲಿನ ಎರಡನೇ ಲೋಟ ಕಾಫಿಯನ್ನು ಕುಡಿದು ಉತ್ತರ ಕೊಟ್ಟೆ.

ವಿಸ್ಮಯವೆಂದರೆ, ಅಲ್ಲಿ ಸಿಂಚನ ಒಂದು ಸಲವೂ ಸೀನಲಿಲ್ಲ. ಕೆಂಪಿಯ ಪಕ್ಕದಲ್ಲಿ ಕೂತಳು, ಕುತ್ತಿಗೆ ತುರಿಸಿದಳು, ಕಿವಿಯಲ್ಲಿ ಗುಟ್ಟು ಹೇಳಿದಳು, ಸೀನಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾದೆ. ಆದರೆ ಮೂರನೆಯ ಸಲವೋ ಏನೋ, ಪುಟ್ಟಸ್ವಾಮಿ ಕಣದಲ್ಲಿ ರಾಗಿ ತೂರುತ್ತಿದ್ದರು. ಹೊಟ್ಟು ಮೋಡದಂತೆ ಎದ್ದು ನನಗೇ ಸೀನು ಬಂತು, ಯಜಮಾನರಿಗೆ ಬಂತು, ಕೆಂಪಿಗೂ ಬಂತು. ಒಗ್ಗರಣೆಗೆ ಸೀನುವ ನನ್ನ ಮಗಳು ಮಾತ್ರ ತುಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು, "ಮುಖ ತೊಳ್ಕೊಂಡ್ ಬತ್ತೀನಿ" ಎಂದು ಪಂಪ್‌ಸೆಟ್ಟಿನ ಮನೆಯ ಕಡೆ ಓಡಿದಳು. ಈ ಹುಡುಗಿ ಯಾವತ್ತಿನಿಂದ ಕೇಳದೆಯೇ ಮುಖ ತೊಳೆಯುತ್ತಾಳೆ ಎಂದು ಹಿಂದೆಯೇ ಹೋದೆ.

ಮೋಟರು ಗುಂಯ್ಗುಡುತ್ತಿತ್ತು. ಆ ಸದ್ದಿನ ಮರೆಯಲ್ಲಿ, ಗೋಡೆಗೆ ಮುಖ ಮಾಡಿ, ಸ್ವೆಟರನ್ನು ಮುದ್ದೆ ಮಾಡಿ ಮೂಗಿಗೆ ಒತ್ತಿಕೊಂಡು ಸೀನುತ್ತಿದ್ದಳು. ಕೆಂಪಿ ಎದುರಿಗೆ ಕೂತು ಇದೆಲ್ಲ ತನಗೆ ಹಳೆಯದು ಎಂಬಂತೆ ನೋಡುತ್ತಿತ್ತು. ನನ್ನನ್ನು ಕಂಡವಳೇ ನಾಯಿಗೆ ಅಡ್ಡ ನಿಂತಳು.

"ಅಪ್ಪಂಗೆ ಹೇಳ್ಬೇಡಮ್ಮ. ಒಂದೊಸಿ ಸೀನು ಅಷ್ಟೇ. ಕೆಂಪಿದೇನೂ ತಪ್ಪಿಲ್ಲ, ನನ್ನ ಮೂಗಿಂದೇ ತಪ್ಪು."

ಬೈಗುಳವನ್ನು ಆಮೇಲಕ್ಕೆ ಇಟ್ಟುಕೊಂಡೆ. ಕೂತು ಅವಳ ಎದೆಗೆ ಕಿವಿಯಿಟ್ಟೆ. ಸಿಳ್ಳೆ ಇರಲಿಲ್ಲ; ಹೆದರಿದ ಎದೆ ಹೊಡೆದುಕೊಳ್ಳುತ್ತಿತ್ತು, ಅಷ್ಟೇ. ಪ್ರತಿ ಭಾನುವಾರವೂ ಹೀಗೇ ಬಂದು ಸೀನಿ ಹೋಗಿದ್ದಳೆಂದು ಆಗ ತಿಳಿಯಿತು. ಯಜಮಾನರಿಗೆ ಹೇಳಿದೆ. ಅವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ನಡಿ ಓಗಾನ" ಎಂದರು. ಕೆಂಪಿ ಬೇಲಿಯ ತನಕ ನಮ್ಮ ಹಿಂದೆ ಬಂತು. ಸಿಂಚನ ತಿರುಗಿ ನೋಡಲಿಲ್ಲ. ತಿರುಗಿ ನೋಡಿದ್ದರೆ ನಾನಾದರೂ ಒಸಿ ಸಮಾಧಾನವಾಗಿ ಇರುತ್ತಿದ್ದೆ.

ನಮ್ಮದು ರೇಷ್ಮೆಹುಳು ಸಾಕುವ ಮನೆ. ಅಂದು ಹುಳುಗಳು ನಾಲ್ಕನೇ ಜ್ವರದಿಂದ ಏಳುವ ದಿನ. ಜ್ವರವೆಂದರೆ ಗಾಬರಿಯಾಗಬೇಡಿ, ಹುಳು ಚರ್ಮ ಬದಲಿಸಲು ಮೇವು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಮಲಗುವುದಕ್ಕೆ ನಮ್ಮ ಕಡೆಯ ಹೆಸರು ಅದು. ಎಲ್ಲವೂ ಎದ್ದವೆಂದು ಖಾತ್ರಿಯಾಗದೆ ಅತ್ತೆ ಸೊಪ್ಪು ಹಾಕಲು ಬಿಡುವುದಿಲ್ಲ. ಹುಳುಮನೆಯ ಬಾಗಿಲಲ್ಲಿ ಕೈಕಾಲು ತೊಳೆದು, ಸುಣ್ಣದ ಪುಡಿ ತುಳಿದು ನಾನೂ ಮಗಳೂ ಒಳಗೆ ಹೋದೆವು. ಅತ್ತೆ ತಟ್ಟೆಗಳ ಮೇಲೆ ಬಗ್ಗಿ ನೋಡುತ್ತಿದ್ದರು. ಯಜಮಾನರಿಂದ ಅವರಿಗೆ ಸುದ್ದಿ ತಲುಪಿತ್ತು. ನನಗೆ ಆಗ ಬಾಯಿ ಬಂತು.

"ಈ ಹುಳಕ್ಕೆ ಬಾಯಿಲ್ಲ, ಅದಕ್ಕೆ ನಿಮ್ಮಜ್ಜಿ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ. ನಿಂಗೆ ಬಾಯೈತಲ್ಲ? ಬಾಯಿದ್ದೂ ಮುಚ್ಚಿಟ್ರೆ ನಿನ್ನ ಹೆಂಗೆ ನೋಡ್ಕೊಳ್ಳೋದು ನಾವು?"

ಅವಳು ತಲೆ ಎತ್ತಿದಳು. "ಹುಳಕ್ಕೆ ಆಗ್ಲಿಲ್ಲ ಅಂದ್ರೆ ಔಷ್ದಿ ಹಾಕ್ತೀರ, ಬಾಗಿಲು ಕಿಟಕಿ ಸರಿ ಮಾಡ್ತೀರ. ನಂಗೆ ಆಗ್ಲಿಲ್ಲ ಅಂದ್ರೆ ನಾಯಿನೇ ಬೇಡ ಅಂತೀರ. ಹೆಂಗಮ್ಮ ಹೇಳ್ಲಿ?"

ಮಗಳ ಮುಂದೆ ಸೋಲುವುದು ಹೊಸದೇನಲ್ಲ, ಆದರೆ ಇಷ್ಟು ಸರಿಯಾಗಿ ಸೋತದ್ದು ಅದೇ ಮೊದಲು. ನಿಜ ಹೇಳಿದರೆ ದಂಡ, ಬಚ್ಚಿಟ್ಟರೆ ಬಹುಮಾನ ಎಂಬ ಕಾನೂನು ನನ್ನದೇ. ಹುಡುಗಿ ಅದನ್ನು ಅಕ್ಷರಶಃ ಪಾಲಿಸಿದ್ದಳು.

ನಾಯಿ ಹುಳುಮನೆಯ ಸುತ್ತ ಸುಳಿಯಬಾರದೆಂದು ಮೊದಲಿನಿಂದ ಅಡ್ಡಗಾಲು ಹಾಕಿದ್ದವರು ನಮ್ಮ ಅತ್ತೆ. ಅವರು ತಟ್ಟೆಯಿಂದ ತಲೆ ಎತ್ತದೆಯೇ ಹೇಳಿದರು: "ಕೂಸು ಯೋಳದ್ರಲ್ಲಿ ಏನ್ ತಪ್ಪೈತೆ ಕಣಮ್ಮಿ? ಈ ಹುಳಕ್ಕೆ ಅಂತ ಕೈಕಾಲ್ ತೊಳ್ದು ಬತ್ತೀವಿ, ಬ್ಯಾರೆ ಬಟ್ಟೆ ಉಟ್ಕತೀವಿ, ಕಂಡೋರ್ನ ಒಳೀಕೆ ಬುಡಲ್ಲ. ಮನೆ ಮಗೀಗೆ ಅಷ್ಟ್ ಮಾಡಕ್ಕೆ ಏನ್ ದೊಡ್ಡ್ ರೋಗ ನಮ್ಗೆ?" ಒಂದು ಕ್ಷಣ ಬಿಟ್ಟು ಸೇರಿಸಿದರು: "ಅಂಗಂತ ನಿನ್ ನಾಯಿ ಈ ಬಾಗ್ಲು ದಾಟಿದ್ರೆ ಕಾಲ್ ಮುರೀತೀನಿ."

ಮಾರನೆಯ ದಿನ ಡಾಕ್ಟರ ಹತ್ತಿರ ಹೋಗಿ ಪಂಪ್‌ಸೆಟ್ಟಿನ ಕಥೆಯನ್ನೂ ಬಿಡದೆ ಎಲ್ಲ ಹೇಳಿದೆವು. ಅವರು ಅವಳ ಎದೆಯನ್ನು ಎಚ್ಚರದಿಂದ ಪರೀಕ್ಷಿಸಿ, ಮಾತ್ರೆ ಬರೆದುಕೊಟ್ಟು, ಸಿಳ್ಳೆಯ ಷರತ್ತನ್ನು ಹಾಗೆಯೇ ಉಳಿಸಿ, ಮಲಗುವ ಕೋಣೆಗೆ ನಾಯಿ ಬರಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು, ಇನ್ನಷ್ಟು ಸಲ ಕೂತು ನೋಡಿ ಎಂದರು. ಮನೆಯ ಹೊಸ ಕಾನೂನನ್ನು ಈ ಸಲ ನಾನೊಬ್ಬಳೇ ಬರೆಯಲಿಲ್ಲ. ಸೀನು ಬಂದರೆ ಹೇಳಬೇಕು, ಹೇಳಿದ್ದಕ್ಕೆ ಯಾರೂ ಮುಖ ಸಿಂಡರಿಸಬಾರದು, ಸೀನಿಗೆ ನಾಯಿಯನ್ನು ಕಳಿಸುವುದಿಲ್ಲ. ಎದೆ ಸಿಳ್ಳೆ ಹಾಕಿದರೆ ಮಾತ್ರ ಅದು ವಿರೂಪಾಕ್ಷಿಪುರಕ್ಕೆ ಹಿಂದಿರುಗಬೇಕು. ಕೊನೆಯ ಸಾಲಿಗೆ ಸಿಂಚನ ತುಂಬ ಹೊತ್ತು ಸುಮ್ಮನಿದ್ದು, ಆಮೇಲೆ "ಆಯ್ತು" ಎಂದಳು. ಅಷ್ಟು ಹೊತ್ತು ತೆಗೆದುಕೊಂಡಿದ್ದರಿಂದಲೇ ನನಗೆ ನಂಬಿಕೆ ಬಂತು.

ಮುಂದಿನ ಭಾನುವಾರ ಅತ್ತೆಯೂ ಬಂದರು. ಹುಡುಗಿ ಕೆಂಪಿಯ ಪಕ್ಕ ಕೂತು, ನಮ್ಮೆಲ್ಲರ ಸಮಕ್ಷಮದಲ್ಲಿ, ಊರಿಗೇ ಕೇಳುವಂತೆ ಸೀನಿದಳು. ಉಪ್ಪಿಟ್ಟು ಬಡಿಸುತ್ತಿದ್ದ ಪುಟ್ಟಸ್ವಾಮಿಯ ಹೆಂಡತಿ "ಅಯ್ಯೋ, ಹೋಯ್ತಲ್ಲ ಸಂಬಂಧ!" ಎಂದು ಸೌಟು ಹಿಡಿದು ನಿಂತರು. ನಾವು ಗಡಿಬಿಡಿ ಮಾಡಲಿಲ್ಲ. ಇನ್ನೊಂದೆರಡು ಬಂದು ನಿಂತವು. ಕಣ್ಣು ಊದಲಿಲ್ಲ, ದದ್ದು ಏಳಲಿಲ್ಲ. ಮತ್ತೆರಡು ವಾರ ಹೀಗೆಯೇ ನೋಡಿ, ಹೆಣ್ಣು ಒಪ್ಪಿಗೆಯೆಂದು ತಿಳಿಸಿದೆವು.

ನಾನು ಹುಡುಕುತ್ತಿದ್ದದ್ದು ಸೀನು ಬರಿಸದ ನಾಯಿಯನ್ನು. ಅದು ಸಿಗುವುದಿಲ್ಲವೆಂದು ಮೊದಲ ದಿನವೇ ಡಾಕ್ಟರು ಹೇಳಿದ್ದರು. ಯೋಚಿಸಿದರೆ, ಯಾವ ಕಿರಿಕಿರಿಯನ್ನೂ ಬರಿಸದ ಗಂಡನೂ ನೆರೆಯವರೂ ನನಗೆ ಇದುವರೆಗೆ ಸಿಕ್ಕಿಲ್ಲ. ನಾನಂತೂ ಯಜಮಾನರಿಗೆ ಅಂಥ ಹೆಂಡತಿಯಾಗಿ ಸಿಕ್ಕಿಲ್ಲ. ಎಷ್ಟು ಕೆರೆತವನ್ನು ತಾಳಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂದು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಂಡರೆ ಒಂದು ಸೂರಿನಡಿ ಬದುಕಬಹುದೆಂದು ತೋರುತ್ತದೆ.

ಈಗ ಕೆಂಪಿಯ ಸಾಮ್ರಾಜ್ಯ ಜಗುಲಿ ಮತ್ತು ಅಂಗಳ. ಅದರ ಮೈ ಬಾಚುವ ಕೆಲಸ ಯಜಮಾನರದು. ತಮ್ಮ ತಲೆಗೆ ಅಷ್ಟು ಶ್ರದ್ಧೆಯಿಂದ ಬಾಚಣಿಗೆ ಹಾಕಿದ್ದನ್ನು ನಾನು ಕಂಡಿಲ್ಲ. ನಾಯಿಯ ಜೊತೆ ಆಡಿ ಬಂದ ಸಿಂಚನ ಕೈಕಾಲು ತೊಳೆಯದೆ, ಬಟ್ಟೆ ಬದಲಿಸದೆ ಒಳಗೆ ಬರುವಂತಿಲ್ಲ; ಬಂದರೆ ಅತ್ತೆಯ ಗಂಟಲು ಪಕ್ಕದ ಬೀದಿಗೆ ಕೇಳುತ್ತದೆ. ಎಲ್ಲ ಗೆದ್ದೆವೆಂದು ಹೇಳಲಾರೆ. ಈಗಲೂ ಮಲಗಿದಾಗ ಅವಳ ಎದೆಗೆ ಕಿವಿಯಿಡುತ್ತೇನೆ. ಈ ತನಕ ಸಿಳ್ಳೆ ಕೇಳಿಸಿಲ್ಲ.

ಮೊನ್ನೆ ಬೆಳಿಗ್ಗೆ ಎದ್ದವಳು ಎಂದಿನಂತೆ ಬಾಗಿಲಿಗೆ ಓಡಿ, ಹೊಸ್ತಿಲಲ್ಲಿ ನಿಂತಳು. ಹೊರಗೆ ಕೆಂಪಿ ಮೈಯೆಲ್ಲ ಬಾಲವಾಗಿ ಕುಣಿಯುತ್ತಿತ್ತು. ನಾವು ಯಾರೂ ಏನೂ ಕೇಳಿರಲಿಲ್ಲ.

"ಅಮ್ಮಾ, ಇವತ್ತು ಕಣ್ಣು ಜಾಸ್ತಿ ಕೆರೀತೈತೆ. ನಾನು ಒಳಗೇ ಇರ್ತೀನಿ" ಎಂದಳು.

ಮಾತ್ರೆ ನುಂಗಿ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ಗಾಜಿನ ಆಚೆಗೆ ಕೂಗಿ ಹೇಳಿದಳು: "ನಾಳೆ ಬತ್ತೀನಿ ಕಣೇ ಕೆಂಪಿ. ನೀನೆಲ್ಗೂ ಹೋಗಲ್ವಲ್ಲ." ಕೆಂಪಿ ಒಂದು ಸಲ ಕಿವಿ ನಿಮಿರಿಸಿ ಕೇಳಿಸಿಕೊಂಡು, ಕಿಟಕಿಯ ಕೆಳಗೆ ಬಿಸಿಲು ಬಿದ್ದಿದ್ದ ಕಡೆ ಮೂರು ಸುತ್ತು ಸುತ್ತಿ ಮಲಗಿತು.